ಬೊಕ್ಕಸದ ಬೀಗದಕೈ

ಭೂಮಂಡಲದ ಸರಕಾರಗಳಲ್ಲೆಲ್ಲ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಸರಕಾರದಷ್ಟು ಹಣವನ್ನು ವೆಚ್ಚ ಮಾಡುವ ಸರಕಾರ ಮತ್ತೊಂದಿಲ್ಲ. ಅಂಥ ಸರಕಾರದ ಎಷ್ಟೋ ಕಚೇರಿಗಳಲ್ಲಿ ೨೦೨೫ನೆಯ ಇಸವಿಯ ಫೆಬ್ರುವರಿ ತಿಂಗಳ ಕೊನೆಗೆ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ನೌಕರರು ತಮ್ಮಲ್ಲಿದ್ದ ಸರಕಾರಿ ಪಾವತಿ ಕಾರ್ಡಿನಿಂದ ಒಂದು ಡಾಲರಿಗಿಂತ ಹೆಚ್ಚು ಬೆಲೆಯ ಯಾವ ಪದಾರ್ಥವನ್ನೂ ಕೊಳ್ಳುವಂತಿರಲಿಲ್ಲ. ಕಾರ್ಡು ಕಿಸೆಯಲ್ಲಿಯೇ ಇತ್ತು. ಆದರೆ ಅದರ ಮಿತಿಯನ್ನು ಒಂದು ಡಾಲರಿಗೆ ಇಳಿಸಿಬಿಡಲಾಗಿತ್ತು. ಫೆಬ್ರುವರಿ ೨೬ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪರು ಹೊರಡಿಸಿದ ಹುಕುಮಿನಲ್ಲಿ, ನೌಕರರ ಕೈಯಲ್ಲಿರುವ ಕಾರ್ಡುಗಳನ್ನೆಲ್ಲ ೩೦ ದಿವಸಗಳ ಮಟ್ಟಿಗೆ ಸ್ತಬ್ಧವಾದವುಗಳೆಂದು ಭಾವಿಸತಕ್ಕದ್ದೆಂದೂ, ವಿಪತ್ಪರಿಹಾರದ ಕಾರ್ಯದಲ್ಲಿ ಮತ್ತು ಇಲಾಖೆಯ ಮುಖ್ಯಸ್ಥರು ಅತ್ಯಗತ್ಯವೆಂದು ಎಣಿಸುವ ಇತರ ಸೇವೆಗಳಲ್ಲಿ ತೊಡಗಿದವರಿಗೆ ಮಾತ್ರ ವಿನಾಯಿತಿಯೆಂದೂ ವಿಧಿಸಲಾಯಿತು. ಸಂಶೋಧನಾಲಯಗಳಿಗೆ ಪ್ರಯೋಗದ ಸಾಮಗ್ರಿ ಬರುವುದು ತಡವಾಯಿತೆಂದೂ, ಕೆಲಸದ ಪ್ರಯಾಣಗಳು ನಿಂತುಹೋದವೆಂದೂ, ಸಣ್ಣಪುಟ್ಟ ಸಾಮಾನಿಗೂ ಮೇಲಿನವರ ಅಪ್ಪಣೆಯನ್ನು ಕಾಯಬೇಕಾಯಿತೆಂದೂ ಆ ದೇಶದ ಪತ್ರಿಕೆಗಳಲ್ಲಿ ವಾರಗಟ್ಟಲೆ ಸುದ್ದಿಗಳು ಬಂದವು.

ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಗಾದೆ ನಮ್ಮಲ್ಲಿ ಹಳೆಯದು. ಆದರೆ ಈ ಪ್ರಕರಣವನ್ನು ಒಂದು ಗಾದೆಯಲ್ಲಿ ತೀರಿಸಿಬಿಡುವುದು ನ್ಯಾಯವಲ್ಲ. ಏಕೆಂದರೆ ನೆಗಡಿ ಇದ್ದದ್ದು ನಿಜ. ಅದು ಯಾವುದರಿಂದ ಬಂದಿತು, ಅದಕ್ಕೆ ಮದ್ದು ಯಾವುದು ಎಂಬುದು ವಿಚಾರಾರ್ಹವಾದ ವಿಷಯ. ಅಮೇರಿಕೆಯ ಕಾರಕೂನನ ಕಾರ್ಡಿಗೂ ನಮಗೂ ಏನು ಸಂಬಂಧವೆಂದು ಕೇಳುವ ವಾಚಕರಿಗೆ ನಮ್ಮ ಉತ್ತರ ಇಷ್ಟೇ: ಪ್ರಜೆಯಿಂದ ತೆರಿಗೆ ಎತ್ತುವ ಪ್ರತಿಯೊಂದು ಸರಕಾರವೂ ಆ ಹಣದ ಒಂದಂಶವನ್ನು ಯಾರೋ ಒಬ್ಬ ಸಣ್ಣ ನೌಕರನ ಕೈಗಿತ್ತು, ಬೇಕಾದುದನ್ನು ಕೊಂಡು ತಾ ಎಂದು ಹೇಳಲೇಬೇಕಾಗುತ್ತದೆ. ಆ ಕೈಯನ್ನು ಎಷ್ಟರಮಟ್ಟಿಗೆ ನಂಬಬೇಕು, ಅದನ್ನು ನೋಡುತ್ತಿರುವವರು ಯಾರು ಎಂಬ ಪ್ರಶ್ನೆಗೆ ವಾಷಿಂಗ್ಟನ್ನಿನಲ್ಲಿ ಒಂದು ಉತ್ತರ, ಬೆಂಗಳೂರಿನಲ್ಲಿ ಇನ್ನೊಂದು ಉತ್ತರ ಇರಲಾರದು.

ಮೊದಲು ಈ ಕಾರ್ಡಿನ ವ್ಯವಸ್ಥೆ ಎಂಥದೆಂದು ನೋಡೋಣ. ಅಮೇರಿಕೆಯ ಸಾಮಾನ್ಯ ಸೇವಾಡಳಿತವೆಂಬ ಇಲಾಖೆಯು ೧೯೯೮ರಿಂದ ‘ಸ್ಮಾರ್ಟ್‌ಪೇ’ ಎಂಬ ಹೆಸರಿನಲ್ಲಿ ಇದನ್ನು ನಡೆಸುತ್ತ ಬಂದಿದೆ. ಬ್ಯಾಂಕುಗಳೊಡನೆ ಕರಾರು ಮಾಡಿಕೊಳ್ಳುವುದು ಈ ಇಲಾಖೆಯ ಕೆಲಸ. ೨೦೧೮ರ ನವೆಂಬರಿನಲ್ಲಿ ಜಾರಿಗೆ ಬಂದ ಮೂರನೆಯ ಕರಾರಿನಂತೆ ಸಿಟಿ ಬ್ಯಾಂಕು, ಯು. ಎಸ್. ಬ್ಯಾಂಕು ಎಂಬೆರಡು ಬ್ಯಾಂಕುಗಳು ಕಾರ್ಡು ಕೊಡತಕ್ಕವು. ಖರೀದಿಗೊಂದು ಕಾರ್ಡು, ಪ್ರಯಾಣಕ್ಕೊಂದು, ಸರಕಾರಿ ವಾಹನದ ಎಣ್ಣೆ ಮತ್ತು ದುರಸ್ತಿಗೊಂದು. ಇವನ್ನು ಒಟ್ಟುಗೂಡಿಸಿದ ನಾಲ್ಕನೆಯ ಬಗೆಯೂ ಉಂಟು. ಕಚೇರಿಯ ನೌಕರನು ಅಂಗಡಿಯಲ್ಲಿ ಸಾಮಾನು ಕೊಂಡು ಕಾರ್ಡು ತೋರಿಸಿದರೆ ಬ್ಯಾಂಕು ತನ್ನ ಕಡೆಯ ದಸ್ತೂರಿಯನ್ನು ಮುರಿದುಕೊಂಡು ಅಂಗಡಿಕಾರನಿಗೆ ಬೇಗನೆ ಹಣ ಕೊಡುತ್ತದೆ. ಇಲಾಖೆಯು ಬ್ಯಾಂಕಿಗೆ ತಿಂಗಳ ಲೆಕ್ಕದಲ್ಲಿ ಸಲ್ಲಿಸುತ್ತದೆ. ವಹಿವಾಟು ಎಷ್ಟು, ಸಲ್ಲಿಸಿದ್ದು ಎಷ್ಟು ಬೇಗ ಎಂಬುದನ್ನು ನೋಡಿ ಬ್ಯಾಂಕು ಇಲಾಖೆಗೆ ಒಂದು ಪಾಲನ್ನು ಮರಳಿಸುತ್ತದೆ.

ಈ ಏರ್ಪಾಡು ಯಾರದೋ ಹುಚ್ಚು ಕಲ್ಪನೆಯಿಂದ ಹುಟ್ಟಿದ್ದಲ್ಲ. ಅದರ ಹಿಂದೆ ಕಾಗದದ ಕಾಟದಿಂದ ಬೇಸತ್ತ ಒಂದು ಆಡಳಿತದ ಕಥೆಯಿದೆ. ೧೯೯೩ರಲ್ಲಿ ಉಪಾಧ್ಯಕ್ಷ ಆಲ್ ಗೋರ್ ಅವರ ನೇತೃತ್ವದಲ್ಲಿ ಸರಕಾರಿ ಕೆಲಸಗಳ ವಿಮರ್ಶೆ ನಡೆದಾಗ ಒಂದು ಉದಾಹರಣೆ ಪ್ರಸಿದ್ಧವಾಯಿತು. ಕಟ್ಟಡಗಳನ್ನು ಬೆಚ್ಚಗಿಡುವ ಉಗಿಯ ಕೊಳವೆಗಳಲ್ಲಿ ನೀರನ್ನು ಬೇರ್ಪಡಿಸುವ ಒಂದು ಸಣ್ಣ ಉಪಕರಣವಿರುತ್ತದೆ. ಅದರ ಬೆಲೆ ಸುಮಾರು ೧೦೦ ಡಾಲರ್. ಅದು ಕೆಟ್ಟರೆ ವಾರಕ್ಕೆ ೫೦ ಡಾಲರುಗಳಷ್ಟು ಬೆಲೆಯ ಉಗಿ ಸೋರಿಹೋಗುತ್ತದೆ. ಕೆಟ್ಟ ದಿನವೇ ಹೊಸದನ್ನು ತಂದು ಕೂಡಿಸಬೇಕೆಂಬುದು ಒಬ್ಬ ಸಾಮಾನ್ಯ ಗೃಹಸ್ಥನಿಗೂ ತಿಳಿಯುತ್ತದೆ. ಆದರೆ ಸರಕಾರಿ ಖರೀದಿಯ ಕ್ರಮವು ಒಂದೆರಡು ಡಾಲರುಗಳ ಅಗ್ಗಕ್ಕಾಗಿ ವರ್ಷವೊಂದನ್ನು ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಸೋರಿದ ಉಗಿಯ ಬೆಲೆ ಎರಡೂವರೆ ಸಾವಿರ ಡಾಲರುಗಳಿಗೂ ಮಿಕ್ಕುತ್ತಿತ್ತು! ಅದೇ ವರ್ಷ ಗೋರ್ ಅವರು ದೂರದರ್ಶನದ ಒಂದು ವಿನೋದ ಕಾರ್ಯಕ್ರಮದಲ್ಲಿ ಕಣ್ಣಿಗೆ ರಕ್ಷಕ ಕನ್ನಡಕವನ್ನು ಹಾಕಿಕೊಂಡು, ಸುತ್ತಿಗೆಯಿಂದ ಗಾಜಿನ ಬೂದಿಬಟ್ಟಲೊಂದನ್ನು ಒಡೆದು, ಅಂಥ ಬಟ್ಟಲನ್ನು ಕೊಳ್ಳುವುದಕ್ಕೆ ಸರಕಾರವು ಬರೆದಿಟ್ಟ ನಿಯಮಗಳನ್ನು ಓದಿ ಹೇಳಿ ಜನರನ್ನು ನಗಿಸಿದರು. ಉಪಾಧ್ಯಕ್ಷನೊಬ್ಬನು ಸುತ್ತಿಗೆ ಹಿಡಿಯುವುದು ಶೋಭೆಯೋ ಅಲ್ಲವೋ ನಾವು ಹೇಳಲಾರೆವು. ಒಡೆದದ್ದು ಮಾತ್ರ ಒಡೆಯತಕ್ಕ ವಸ್ತುವಾಗಿತ್ತು.

ಕಾರ್ಡಿನ ಪ್ರಯೋಗ ಇದಕ್ಕೂ ಮೊದಲಿನದು. ರೇಗನ್ ಅಧ್ಯಕ್ಷರ ೧೯೮೨ರ ಸುಧಾರಣೆಯ ಹುಕುಮಿನ ಹಿಂದೆಯೇ ವ್ಯಾಪಾರ ಇಲಾಖೆಯು ೧೯೮೬ರಲ್ಲಿ ಅದನ್ನು ಪರೀಕ್ಷಿಸಿ ನೋಡಿತು. ೧೯೮೯ರಲ್ಲಿ ಅದು ಇಡೀ ಸರಕಾರಕ್ಕೆ ದೊರೆಯುವಂತಾಯಿತು. ೧೯೯೪ರ ಕಾಯಿದೆಯು ೨,೫೦೦ ಡಾಲರುಗಳೊಳಗಿನ ಖರೀದಿಯನ್ನು ‘ಅಲ್ಪಖರೀದಿ’ಯೆಂದು ಪ್ರತ್ಯೇಕಿಸಿ, ಅದಕ್ಕೆ ಟೆಂಡರು ದರಪಟ್ಟಿಗಳ ಗೊಡವೆ ಬೇಡವೆಂದಿತು. ಆಮೇಲೆ ಕಾರ್ಡಿನ ಬಳಕೆ ಹೊಳೆಯ ನೆರೆಯಂತೆ ಏರಿತು. ಇದರಿಂದ ಆದ ಒಳಿತನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ನೂರು ಡಾಲರಿನ ಸಾಮಾನಿಗೆ ಹತ್ತು ಕಾಗದ ಹುಟ್ಟುವುದು ನಿಂತಿತು. ಸಣ್ಣ ಅಂಗಡಿಕಾರನು ಸರಕಾರಕ್ಕೆ ಮಾರಿದ ಮಾಲಿನ ಹಣಕ್ಕಾಗಿ ಕಚೇರಿಯ ಬಾಗಿಲನ್ನು ಕಾಯುವುದು ತಪ್ಪಿತು. ಸರಕಾರವೆಂದರೆ ಸಾಲಗಾರನೆಂಬ ಭಾವನೆ ವ್ಯಾಪಾರಿಗಳಲ್ಲಿ ಹೋಗುವುದು ಸಣ್ಣ ಲಾಭವೇನಲ್ಲ.

ಇನ್ನು ಕೆಡುಕಿನ ಕಥೆ. ಇದು ಸ್ವಲ್ಪ ದೀರ್ಘವಾದುದು, ವಾಚಕರು ಸೈರಿಸಬೇಕು. ಅಮೇರಿಕೆಯ ಕಾಂಗ್ರೆಸ್ಸಿಗೆ (ಆ ದೇಶದ ಶಾಸನಸಭೆಯ ಹೆಸರು ಇದು) ಅಧೀನವಾದ ಲೆಕ್ಕತಪಾಸಣಾ ಕಚೇರಿಯೊಂದುಂಟು. ಅದು ೨೦೦೧ರಲ್ಲಿ ಸ್ಯಾನ್ ಡಿಯಾಗೋ ಪಟ್ಟಣದ ಎರಡು ನೌಕಾದಳ ಘಟಕಗಳ ಕಾರ್ಡುಗಳನ್ನು ಪರೀಕ್ಷಿಸಿದಾಗ, ಕಾರ್ಡುಗಳನ್ನು ಬೇಕಾಬಿಟ್ಟಿಯಾಗಿ ಹಂಚಿದ್ದೂ, ನೂರಾರು ಕಾರ್ಡುಗಳ ಲೆಕ್ಕವನ್ನು ಒಪ್ಪುವ ಹೊಣೆಯನ್ನು ಒಬ್ಬನೇ ಅಧಿಕಾರಿಯ ತಲೆಗೆ ಕಟ್ಟಿದ್ದೂ ಹೊರಬಿದ್ದಿತು. ತಿಂಗಳಿಗೊಮ್ಮೆ ಬರುವ ಅಷ್ಟು ಬಿಲ್ಲುಗಳನ್ನು ಒಬ್ಬ ಮನುಷ್ಯನು ಓದುವುದು ಸಾಧ್ಯವೇ? ಆತನು ಸಹಿ ಮಾಡುತ್ತಿದ್ದನು, ಅಷ್ಟೇ. ೨೦೦೮ರ ಮಾರ್ಚಿಯಲ್ಲಿ ಇದೇ ಕಚೇರಿಯು ಇಡೀ ಸರಕಾರಕ್ಕೆ ಅನ್ವಯಿಸುವ ವರದಿಯನ್ನು ಪ್ರಕಟಿಸಿತು. ಅದರಲ್ಲಿ ಎರಡೇ ಎರಡು ಪ್ರಶ್ನೆಗಳನ್ನು ಕೇಳಲಾಗಿತ್ತು. ಖರೀದಿಗೆ ಯೋಗ್ಯ ಅಧಿಕಾರಿಯ ಅನುಮತಿ ಇತ್ತೇ? ಕೊಂಡ ವಸ್ತು ನಿಜವಾಗಿ ಬಂದು ಮುಟ್ಟಿತೆಂಬುದನ್ನು ಕೊಂಡವನಲ್ಲದೆ ಬೇರೊಬ್ಬನು ಕಣ್ಣಾರೆ ನೋಡಿದನೇ? ಈ ಎರಡರಲ್ಲಿ ಒಂದಕ್ಕಾದರೂ ಸರಿಯಾದ ಉತ್ತರವಿಲ್ಲದ ವ್ಯವಹಾರಗಳು ನೂರಕ್ಕೆ ೪೧ ಎಂದು ಆ ವರದಿ ಅಂದಾಜು ಮಾಡಿತು. ಸುಲಭವಾಗಿ ಕೈಚಳಕಕ್ಕೆ ಸಿಕ್ಕುವಂಥ ೧,೦೫೮ ವಸ್ತುಗಳನ್ನು ತೋರಿಸಿರೆಂದು ಕೇಳಿದರೆ ೪೫೮ ವಸ್ತುಗಳಿಗೆ ಲೆಕ್ಕವೇ ಸಿಕ್ಕಲಿಲ್ಲ.

ಅದೇ ವರದಿಯಲ್ಲಿ ಬಂದ ಒಂದು ಪ್ರಕರಣ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಅರಣ್ಯ ಸೇವೆಯ ನೌಕರಳೊಬ್ಬಳು ಖರೀದಿ ಕಾರ್ಡಿನ ಖಾತೆಯ ಮೇಲೆ ಬರೆಯಬಹುದಾದ ಚೆಕ್ಕುಗಳನ್ನು ತನ್ನೊಡನೆ ವಾಸವಾಗಿದ್ದ ಗೆಳೆಯನ ಹೆಸರಿಗೆ ಬರೆಯುತ್ತ ಹೋದಳು. ಆರು ವರ್ಷಗಳ ಕಾಲ ಇದು ನಡೆಯಿತು. ಮೊತ್ತವು ೬,೪೨,೦೦೦ ಡಾಲರುಗಳನ್ನು ದಾಟಿತು. ಆರು ವರ್ಷಗಳಲ್ಲಿ ಯಾರೊಬ್ಬರೂ ಒಂದು ಚೆಕ್ಕನ್ನು ಕೈಗೆತ್ತಿಕೊಂಡು ಈ ಮನುಷ್ಯ ಯಾರು, ಈತ ನಮಗೆ ಮಾರಿದ್ದೇನು ಎಂದು ಕೇಳಲಿಲ್ಲವೇ? ಬುದ್ಧಿವಂತ ಕಳ್ಳನನ್ನು ಹಿಡಿಯುವುದು ಕಷ್ಟವಿರಬಹುದು. ಇಲ್ಲಿ ಬುದ್ಧಿವಂತಿಕೆಯ ಲೇಶವೂ ಇರಲಿಲ್ಲ. ಹೆಸರು ಚೆಕ್ಕಿನ ಮೇಲೆಯೇ ಇತ್ತು. ಅಂಚೆ ಸೇವೆಯ ಒಂದು ಭೋಜನಕೂಟಕ್ಕೆ ಕಾರ್ಡಿನಿಂದ ೧೩,೫೦೦ ಡಾಲರುಗಳಷ್ಟು ತೆತ್ತ ವಿಷಯವೂ ಆ ವರದಿಯಲ್ಲಿಯೇ ಬಂದಿದೆ. ದ್ರಾಕ್ಷಾರಸದ ಬಾಟಲಿಗಳ ವಿವರದಿಂದ ವಾಚಕರ ಕಿವಿಗಳನ್ನು ಬೇಸರಗೊಳಿಸಲು ನಮಗೆ ಇಷ್ಟವಿಲ್ಲ.

ಪ್ರಯಾಣದ ಕಾರ್ಡಿನ ಸ್ವರೂಪ ಬೇರೆ. ಸರಕಾರಿ ಕೆಲಸದ ಪ್ರಯಾಣದ ಖರ್ಚನ್ನು ಸರಕಾರಿ ಕಾರ್ಡಿನಿಂದಲೇ ಕೊಡಬೇಕೆಂದು ೧೯೯೮ರ ಕಾಯಿದೆಯೊಂದು ವಿಧಿಸಿತು. ಆದರೆ ಸಾಮಾನ್ಯವಾಗಿ ಬ್ಯಾಂಕಿನ ಬಿಲ್ಲು ಹೋಗುವುದು ನೌಕರನ ಹೆಸರಿಗೆ. ಆತನು ಲೆಕ್ಕ ಸಲ್ಲಿಸಿದ ೩೦ ದಿನಗಳೊಳಗೆ ಸರಕಾರವು ಆತನಿಗೆ ಹಣ ಕೊಡಬೇಕೆಂಬುದೂ ಅದೇ ಕಾಯಿದೆಯ ಮಾತು. ಕಾರ್ಡು ಸರಕಾರದ್ದು, ಸಾಲ ನೌಕರನದು! ಭೂಸೇನೆಯಲ್ಲಿ ಈ ಸಾಲದ ಬಾಕಿ ಬೆಳೆದ ವಿಷಯವನ್ನು ತಪಾಸಣಾ ಕಚೇರಿಯು ೨೦೦೨ರಲ್ಲಿ ವಿಚಾರಿಸಿತು. ಕೆಳದರ್ಜೆಯ ತರುಣ ಸೈನಿಕರ ಹೆಸರಿನಲ್ಲಿಯೇ ಬಾಕಿ ಹೆಚ್ಚು ಇತ್ತು. ಅವರಿಗೆ ಸಾಲ ತೀರಿಸುವ ಅಭ್ಯಾಸವಿದೆಯೋ ಇಲ್ಲವೋ ಎಂಬುದನ್ನು ನೋಡದೆಯೇ ಕಾರ್ಡುಗಳನ್ನು ಕೊಡಲಾಗಿತ್ತು. ಇಪ್ಪತ್ತು ವಯಸ್ಸಿನ ಹುಡುಗನ ಕೈಗೆ ಕಾರ್ಡು ಕೊಟ್ಟು, ಆಮೇಲೆ ಆತನ ನಡತೆ ಕೆಟ್ಟಿತೆಂದು ದೂರುವವರ ವಿವೇಕವನ್ನು ಏನೆಂದು ಹೊಗಳೋಣ? ೨೦೧೫ರಲ್ಲಿ ರಕ್ಷಣಾ ಇಲಾಖೆಯ ಮಹಾತಪಾಸಕರು ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಜೂಜಿನ ಮಂದಿರಗಳಲ್ಲಿ ಪ್ರಯಾಣದ ಕಾರ್ಡುಗಳಿಂದ ಸ್ವಂತಕ್ಕೆಂದು ನಡೆದಿರಬಹುದಾದ ೪,೪೩೭ ವ್ಯವಹಾರಗಳ ಮೊತ್ತ ೯,೫೨,೨೫೮ ಡಾಲರುಗಳು. ಈ ಹಣ ನೌಕರರೇ ತೀರಿಸಬೇಕಾದ ಸಾಲವೆಂಬುದು ಸತ್ಯ; ಬೊಕ್ಕಸಕ್ಕೆ ನೇರವಾದ ಹಾನಿ ಆಗದಿರಬಹುದು. ಆದರೆ ದೇಶದ ಹೆಸರನ್ನು ಹೊತ್ತ ಕಾರ್ಡು ಜೂಜಿನ ಕಟ್ಟೆಯ ಮೇಲೆ ಬೀಳುವುದನ್ನು ಯಾವ ಮಾನವಂತ ಸರಕಾರವೂ ಸಹಿಸಲಾರದು.

ಈ ಎಲ್ಲ ವೃತ್ತಾಂತಗಳನ್ನು ಒಟ್ಟಿಗಿಟ್ಟು ನೋಡಿದರೆ ನಮಗೆ ಕಾಣುವುದೊಂದೇ ದೋಷ. ಒಬ್ಬನು ಕೊಂಡದ್ದನ್ನು ಇನ್ನೊಬ್ಬನು ನೋಡಬೇಕು; ಆ ಇನ್ನೊಬ್ಬನು ಇರಲಿಲ್ಲ, ಅಥವಾ ಇದ್ದರೂ ನೋಡಲಿಲ್ಲ, ಅಥವಾ ಒಬ್ಬನೇ ನೋಡಲಾರದಷ್ಟನ್ನು ಅವನ ಮುಂದೆ ರಾಶಿ ಹಾಕಲಾಗಿತ್ತು. ಕಾಗದದ ಕಾಲದಲ್ಲಿ ಹತ್ತು ಸಹಿಗಳಿದ್ದವು. ಕಾರ್ಡಿನ ಕಾಲದಲ್ಲಿ ಒಂಬತ್ತನ್ನು ತೆಗೆದುಹಾಕಿದ್ದು ಸರಿಯೇ. ಆದರೆ ಹತ್ತನೆಯದನ್ನೂ ಹೆಸರಿಗೆ ಮಾತ್ರ ಉಳಿಸಿದರು. ೨೦೦೫ರಲ್ಲಿ ಕತ್ರೀನಾ ಚಂಡಮಾರುತವು ನ್ಯೂ ಆರ್ಲಿಯನ್ಸ್ ಪಟ್ಟಣವನ್ನು ಮುಳುಗಿಸಿದಾಗ ಪರಿಹಾರಕಾರ್ಯದ ಸಲುವಾಗಿ ಅಲ್ಪಖರೀದಿಯ ಮಿತಿಯನ್ನು ೨,೫೦,೦೦೦ ಡಾಲರುಗಳಿಗೆ ಏರಿಸಲಾಯಿತು. ಕೂಗೆದ್ದಿತು, ಕೆಲವೇ ವಾರಗಳಲ್ಲಿ ಅಧ್ಯಕ್ಷರ ಆಯವ್ಯಯ ಕಚೇರಿಯು ಆ ಅಧಿಕಾರವನ್ನು ಬಳಸಬೇಡಿರೆಂದು ಇಲಾಖೆಗಳಿಗೆ ತಿಳಿಸಬೇಕಾಯಿತು. ಎರಡೂವರೆ ಲಕ್ಷಕ್ಕೆ ಏರಿಸಿದವರೂ ಒಂದು ಡಾಲರಿಗೆ ಇಳಿಸಿದವರೂ ಮಿತಿಯ ಅಂಕಿಯನ್ನೇ ಔಷಧವೆಂದು ಭಾವಿಸಿದವರು. ೨೦೧೨ರಲ್ಲಿ ಕಾರ್ಡಿನ ದುರುಪಯೋಗವನ್ನು ತಡೆಯುವುದಕ್ಕೆಂದೇ ಒಂದು ಕಾಯಿದೆಯಾಯಿತು. ಪ್ರತಿಯೊಂದು ಇಲಾಖೆಯ ತಪಾಸಕರೂ ಕಾರ್ಡುಗಳಿಂದ ಒದಗಬಹುದಾದ ಅಪಾಯವನ್ನು ಕಾಲಕಾಲಕ್ಕೆ ಅಳೆದು ವರದಿ ಮಾಡಬೇಕೆಂದು ಅದರಲ್ಲಿದೆ. ಇದು ನಮ್ಮ ದೃಷ್ಟಿಯಲ್ಲಿ ಸರಿಯಾದ ದಾರಿಯಾಗಿತ್ತು. ಆದರೆ ಇಂಥ ದಾರಿಗಳು ನಿಧಾನವಾದವು. ಅವುಗಳಿಂದ ಸಭೆಯಲ್ಲಿ ಚಪ್ಪಾಳೆ ಸಿಕ್ಕುವುದಿಲ್ಲ.

೨೦೨೫ರ ಹುಕುಮಿನ ಪರವಾಗಿ ಹೇಳತಕ್ಕ ಮಾತುಗಳು ಇಲ್ಲವೆಂದಲ್ಲ. ಪ್ರತಿಯೊಂದು ಪಾವತಿಗೂ ಅದನ್ನು ಮಂಜೂರು ಮಾಡಿದ ನೌಕರನು ಕಾರಣವನ್ನು ಸಂಕ್ಷೇಪವಾಗಿ ಬರೆದಿಡಬೇಕೆಂದೂ, ಸಾಧ್ಯವಿದ್ದಷ್ಟು ಮಟ್ಟಿಗೆ ಅದನ್ನು ಪ್ರಕಟಿಸಬೇಕೆಂದೂ ಅದೇ ಹುಕುಮಿನಲ್ಲಿದೆ. ಈ ಅಂಶವನ್ನು ನಾವು ಹೃತ್ಪೂರ್ವಕವಾಗಿ ಒಪ್ಪುತ್ತೇವೆ. ವರ್ಷಗಟ್ಟಲೆ ಬಳಸದೆ ಬಿದ್ದ ಕಾರ್ಡುಗಳನ್ನು ರದ್ದು ಮಾಡುವುದೂ ಯೋಗ್ಯವೇ. ಅಂಥ ಐದು ಲಕ್ಷಕ್ಕೂ ಮಿಕ್ಕ ಕಾರ್ಡುಗಳನ್ನು ನಿಲ್ಲಿಸಿದುದಾಗಿ ಹುಕುಮನ್ನು ನಡೆಸಿದವರು ಹೇಳಿಕೊಂಡರು. ಸರಕಾರದಲ್ಲಿ ೪೬ ಲಕ್ಷ ಕಾರ್ಡುಗಳೂ ಖಾತೆಗಳೂ ಇವೆ, ನೌಕರರಿಗಿಂತ ಕಾರ್ಡುಗಳೇ ಹೆಚ್ಚು ಎಂಬ ಕೂಗು ಮಾತ್ರ ಪೂರ್ತಿ ನ್ಯಾಯವಾದುದಲ್ಲ. ಸೈನಿಕರಿಗೂ ಪ್ರಯಾಣದ ಕಾರ್ಡು ಉಂಟು; ವಾಹನದ ಕಾರ್ಡು ಮನುಷ್ಯನಿಗಲ್ಲ, ವಾಹನಕ್ಕೆ ಸೇರಿದ್ದು. ಕುದುರೆಗಳನ್ನೂ ಎಣಿಸಿ ಸವಾರರು ಹೆಚ್ಚಾದರೆಂದು ಹೇಳುವವರೊಡನೆ ವಾದಿಸುವುದು ಕಷ್ಟ.

ಆದರೆ ನಮ್ಮ ಮುಖ್ಯ ಆಕ್ಷೇಪಣೆ ಬೇರೆ. ೨೦೨೪ನೆಯ ಲೆಕ್ಕವರ್ಷದಲ್ಲಿ ಈ ಕಾರ್ಡುಗಳಿಂದ ನಡೆದ ವ್ಯವಹಾರಗಳು ಸುಮಾರು ೯ ಕೋಟಿ; ಹಣ ಸುಮಾರು ೪,೦೦೦ ಕೋಟಿ ಡಾಲರು. ಸರಾಸರಿ ನೋಡಿದರೆ ಒಂದು ವ್ಯವಹಾರಕ್ಕೆ ೪೪೦ ಡಾಲರುಗಳಷ್ಟು. ಇದಕ್ಕೆ ಹಿಂದಿನ, ಅಂದರೆ ೨೦೨೩ನೆಯ ಲೆಕ್ಕವರ್ಷದಲ್ಲಿ ಅದೇ ಸರಕಾರವು ಗುತ್ತಿಗೆಗಳ ಮೂಲಕ ವೆಚ್ಚ ಮಾಡಿದ ಹಣವು ಸುಮಾರು ೭೫,೯೦೦ ಕೋಟಿ ಡಾಲರು. ಒಂದು ಕಡೆ ಹತ್ತೊಂಬತ್ತು ಪಾಲು, ಇನ್ನೊಂದು ಕಡೆ ಒಂದು ಪಾಲು. ಯುದ್ಧವಿಮಾನದ ಗುತ್ತಿಗೆದಾರನಿಗೆ ಆ ತಿಂಗಳಿನಲ್ಲಿ ಒಂದು ಡಾಲರಿನ ಮಿತಿಯನ್ನು ಯಾರೂ ಹಾಕಲಿಲ್ಲ. ಮಿತಿಗೆ ಸಿಕ್ಕಿದವನು ಪ್ರಯೋಗಾಲಯದ ಸಹಾಯಕ; ಉದ್ಯಾನದ ಕಾವಲುಗಾರ; ನಾಳೆಯ ಕೆಲಸಕ್ಕೆ ಇಂದು ಬೋಲ್ಟು ಕೊಳ್ಳಬೇಕಾದ ಮಿಸ್ತ್ರಿ. ಇವರಲ್ಲಿ ಬಹುಜನರು ಪ್ರಾಮಾಣಿಕರು. ತಮ್ಮ ಸರಕಾರವು ತಮ್ಮನ್ನೆಲ್ಲ ಒಂದೇ ದಿನ ಕಳ್ಳರ ಸಾಲಿನಲ್ಲಿ ನಿಲ್ಲಿಸಿತೆಂಬ ನೋವು ಅವರಲ್ಲಿ ಉಳಿದರೆ ಆ ನಷ್ಟವನ್ನು ಯಾವ ಡಾಲರಿನಲ್ಲಿ ಎಣಿಸಬೇಕು? ಬ್ರಿಟಿಷ್ ಸರಕಾರವೂ ಅದೇ ೨೦೨೫ರ ಮಾರ್ಚಿಯಲ್ಲಿ ತನ್ನ ಸುಮಾರು ೨೦,೦೦೦ ಖರೀದಿ ಕಾರ್ಡುಗಳಲ್ಲಿ ಹೆಚ್ಚಿನವನ್ನು ಸ್ತಬ್ಧಗೊಳಿಸುವುದಾಗಿ ಸಾರಿತು. ಆದರೆ ಬೇಕಾದವರು ಕಾರಣ ತೋರಿಸಿ ಮತ್ತೆ ಪಡೆಯಬಹುದೆಂಬ ದಾರಿಯನ್ನು ಇಟ್ಟಿತು.

ನೋಡುವ ಕಣ್ಣು ಕಚೇರಿಯೊಳಗಿನದೇ ಆಗಿರಬೇಕೆಂದೇನೂ ಇಲ್ಲ. ಸ್ವೀಡನ್ನಿನಲ್ಲಿ ೧೯೯೫ರಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ವಾಚಕರಲ್ಲಿ ಕೆಲವರು ಬಲ್ಲರು. ಆ ದೇಶದ ಉಪಪ್ರಧಾನಿ ಮೋನಾ ಸಾಲಿನ್ ಅವರು ಮುಂದೆ ಪ್ರಧಾನಿಯಾಗುವರೆಂದು ಎಲ್ಲರೂ ನಂಬಿದ್ದರು. ಅವರು ಸರಕಾರಿ ಕಾರ್ಡಿನಿಂದ ಸ್ವಂತಕ್ಕೆ ಕೊಂಡ ಸಾಮಾನುಗಳನ್ನು ಪತ್ರಿಕೆಯೊಂದು ಬಯಲಿಗಿಟ್ಟಿತು. ಅವುಗಳಲ್ಲಿ ಟೋಬ್ಲರೋನ್ ಎಂಬ ಚಾಕೊಲೇಟೂ ಇತ್ತು. ಹಣವನ್ನು ಅವರು ಮರಳಿಸಿದ್ದರು. ಆದರೂ ಪ್ರಧಾನಿಯ ಪದವಿಯ ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು. ಸರಕಾರದ ಕಾಗದಪತ್ರಗಳನ್ನು ನೋಡಲು ಪ್ರಜೆಗೆ ಹಕ್ಕುಂಟೆಂಬ ಕಾಯಿದೆಯನ್ನು ಆ ದೇಶವು ೧೭೬೬ರಲ್ಲಿಯೇ ಮಾಡಿಕೊಂಡಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಾವು ಹೇಳುತ್ತೇವೆ. ಸಾಲಿನ್ ಅವರು ೨೦೦೭ರಲ್ಲಿ ತಮ್ಮ ಪಕ್ಷದ ನಾಯಕಿಯಾದರಾದ್ದರಿಂದ ಸ್ವೀಡನ್ನಿನ ಗಾದೆ ಬೇರೆಯಿರಬಹುದು.

ಬ್ರಾಝಿಲ್ ದೇಶದ ಉದಾಹರಣೆ ಇನ್ನೂ ಬೋಧಪ್ರದ. ಅಲ್ಲಿ 'ಪಾರದರ್ಶಕತೆಯ ದ್ವಾರ'ವೆಂಬ ಸಾರ್ವಜನಿಕ ತಾಣದಲ್ಲಿ ಸರಕಾರಿ ಕಾರ್ಡುಗಳ ಖರ್ಚನ್ನು ಯಾರು ಬೇಕಾದರೂ ನೋಡಬಹುದು. ೨೦೦೮ರ ಆರಂಭದಲ್ಲಿ ಪತ್ರಕರ್ತರು ಅದನ್ನು ತಡಕಾಡಿ ಮಂತ್ರಿಗಳ ಖರ್ಚನ್ನು ಹೊರತೆಗೆದರು. ಮಾಟಿಲ್ಡೆ ರಿಬೇರೊ ಎಂಬ ಮಂತ್ರಿಣಿ ರಾಜೀನಾಮೆ ಕೊಟ್ಟರು. ಕ್ರೀಡಾಮಂತ್ರಿ ಓರ್ಲಾಂಡೊ ಸಿಲ್ವಾ ಅವರು ೮ ರಿಯಾಲು ೩೦ ಸೆಂಟಾವೊಗಳಿಗೆ ತಪಿಯೋಕ ತಿಂದು ಕಾರ್ಡು ತೋರಿಸಿದ್ದರು. ಅದು ನಮ್ಮ ಸಾಬೂದಾಣಿಗೆ ಮೂಲವಾದ ಮರಗೆಣಸಿನ ಹಿಟ್ಟಿನ ದೋಸೆಯಂಥ ತಿಂಡಿ. ಈ ದೋಸೆಯ ಹೆಸರೇ ಹಗರಣಕ್ಕೆ ಅಂಟಿಕೊಂಡಿತು; ಅವರು ಕಾರ್ಡಿನ ಹಣವನ್ನು ಹಿಂದಿರುಗಿಸಿದರು. ಎಂಟು ರಿಯಾಲಿಗೆ ಇಷ್ಟು ರಾದ್ಧಾಂತವೇ ಎಂದು ನಗುವವರು ನಗಲಿ. ಆ ಎಂಟು ರಿಯಾಲುಗಳನ್ನು ಹಿಡಿದದ್ದು ಯಾವ ತಪಾಸಕನೂ ಅಲ್ಲ, ಲೆಕ್ಕವನ್ನು ಓದಬಲ್ಲ ನಾಗರಿಕ. ಬ್ರಿಟನ್ನಿನಲ್ಲಿಯೂ ೫೦೦ ಪೌಂಡುಗಳಿಗೆ ಮೇಲ್ಪಟ್ಟ ಕಾರ್ಡಿನ ಖರೀದಿಗಳನ್ನು ಇಲಾಖೆಗಳು ಪ್ರಕಟಿಸತಕ್ಕದ್ದು. ಕಾಗದದ ರಸೀತಿಯನ್ನು ಇಲಿ ತಿನ್ನಬಹುದು, ಮಳೆ ನೆನೆಸಬಹುದು. ಕಾರ್ಡಿನ ಪ್ರತಿಯೊಂದು ವ್ಯವಹಾರವಾದರೋ ದಿನ, ಅಂಗಡಿ, ಮೊತ್ತಗಳೊಡನೆ ತಾನಾಗಿಯೇ ದಾಖಲಾಗುತ್ತದೆ. ಕಳ್ಳನಿಗೆ ಇದಕ್ಕಿಂತ ಕೆಟ್ಟ ಸಂಗಾತಿ ಇನ್ನಾವುದಿದೆ? ದಾಖಲೆಯನ್ನು ಓದುವವರಿರಬೇಕು, ಅಷ್ಟೇ.

ಈಗ ನಮ್ಮ ನಾಡಿನತ್ತ ಒಂದು ನೋಟ. ನಮ್ಮ ಹಳೆಯ ಗ್ರಾಮಗಳಲ್ಲಿ ಕಂದಾಯ ವಸೂಲು ಮಾಡುವವನು ಪಟೇಲ, ಲೆಕ್ಕ ಬರೆಯುವವನು ಶ್ಯಾನುಭೋಗ ಅಥವಾ ಕುಲಕರ್ಣಿ. ಎರಡೂ ಕೆಲಸಗಳು ಒಬ್ಬನ ಕೈಯಲ್ಲಿ ಇರುತ್ತಿರಲಿಲ್ಲ. ಆ ಕಾಲವು ಸತ್ಯಯುಗವಾಗಿತ್ತೆಂದು ನಾವು ಹೇಳುವುದಿಲ್ಲ. ಇಬ್ಬರೂ ಒಂದಾದರೆ ರೈತನ ಗತಿ ಏನಾಗುತ್ತಿತ್ತೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರು. ಆದರೆ ತತ್ತ್ವ ತಪ್ಪಾಗಿರಲಿಲ್ಲ. ಇಂದು ಕರ್ನಾಟಕ ಸರಕಾರದಲ್ಲಿ ತುರ್ತಿನ ಸಾದಿಲ್ವಾರು ಖರ್ಚಿಗೆ ಎ. ಸಿ. ಬಿಲ್ಲೆಂಬ ಸಂಕ್ಷಿಪ್ತ ಬಿಲ್ಲಿನ ಮೇಲೆ ಖಜಾನೆಯಿಂದ ಹಣ ತೆಗೆಯುವ ಪದ್ಧತಿಯುಂಟು. ಆಮೇಲೆ ವಿವರವಾದ ಬಿಲ್ಲನ್ನು ಮಹಾಲೇಖಪಾಲರಿಗೆ ಕಳಿಸಬೇಕು. ಈ ವಿವರದ ಬಿಲ್ಲುಗಳು ಕಾಲಕ್ಕೆ ಸರಿಯಾಗಿ ಬರುವುದಿಲ್ಲವೆಂದು ಭಾರತದ ಲೆಕ್ಕನಿಯಂತ್ರಕರ ಕಚೇರಿಯು ತನ್ನ ವರದಿಗಳಲ್ಲಿ ಮತ್ತೆ ಮತ್ತೆ ಬರೆಯುತ್ತ ಬಂದಿದೆ. ಇಲ್ಲಿ ಕಾರ್ಡು ಇಲ್ಲ. ಕಾಗದವಿದೆ, ಮೊಹರು ಇದೆ, ಸಹಿ ಇದೆ. ಆದರೂ ಅರಣ್ಯ ಸೇವೆಯ ಆ ಚೆಕ್ಕುಗಳಿಗಿದ್ದ ನ್ಯೂನತೆಯೇ ಇಲ್ಲಿಯೂ ಇದೆ: ಹಣ ಹೋದಮೇಲೆ ಅದು ಎಲ್ಲಿಗೆ ಹೋಯಿತೆಂದು ಕೇಳುವವರಿಗೆ ಉತ್ತರ ಸಕಾಲಕ್ಕೆ ಸಿಕ್ಕುವುದಿಲ್ಲ.

ಇದರ ಮಗ್ಗುಲಲ್ಲಿಯೇ ಇನ್ನೊಂದು ಅನ್ಯಾಯವಿದೆ. ಹಳ್ಳಿಯ ಶಾಲೆಯ ಹೆಡ್‌ಮಾಸ್ತರರು ಸೀಮೆಸುಣ್ಣವನ್ನು ತಮ್ಮ ಕಿಸೆಯ ಹಣದಿಂದ ತರುತ್ತಾರೆ. ತಾಲೂಕಿನ ಗುಮಾಸ್ತನು ಜಿಲ್ಲೆಯ ಕಚೇರಿಗೆ ಸ್ವಂತ ಖರ್ಚಿನಿಂದ ಹೋಗಿಬಂದು ಟಿ. ಎ. ಬಿಲ್ಲು ಬರೆದಿಟ್ಟು ಅನುದಾನ ಬರುವ ದಾರಿಯನ್ನು ನೋಡುತ್ತಾನೆ. ಸರಕಾರವೆಂಬ ಮಹಾಸಾಹುಕಾರನಿಗೆ ಬಡ ಗುಮಾಸ್ತನು ಬಡ್ಡಿಯಿಲ್ಲದ ಸಾಲ ಕೊಡುವ ಈ ಪದ್ಧತಿಯನ್ನು ಯಾರೂ ಹಗರಣವೆಂದು ಕರೆಯುವುದಿಲ್ಲ. ಮೇಲ್ಗಡೆ ನೋಡಿದರೆ, ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ ಇರಲೆಂದು ೧೯೯೯ರಲ್ಲಿ ಮಾಡಿದ ನಮ್ಮ ರಾಜ್ಯದ ಕಾಯಿದೆಯ ನಾಲ್ಕನೆಯ ಕಲಮಿನಲ್ಲಿ ‘ಜಿ’ ಎಂಬ ಉಪಕಲಮುಂಟು. ಸರಕಾರವು ಅಧಿಸೂಚನೆ ಹೊರಡಿಸಿ ಒಂದು ನಿರ್ದಿಷ್ಟ ಖರೀದಿಯನ್ನು ಟೆಂಡರಿನಿಂದ ಬಿಡಿಸಬಹುದು. ಅಂದಬಳಿಕ ಸೀಮೆಸುಣ್ಣಕ್ಕೆ ರಸೀತಿ ಬೇಕು, ಕೋಟಿಯ ಕಾಮಗಾರಿಗೆ ವಿನಾಯಿತಿ ಸಿಕ್ಕಬಹುದು!

ಆದುದರಿಂದ ನಮ್ಮ ಸರಕಾರವು ಎಂದಾದರೂ ತನ್ನ ಸಣ್ಣ ಖರೀದಿಗೆ ಮತ್ತು ಪ್ರಯಾಣಕ್ಕೆ ಕಾರ್ಡನ್ನು ಹಿಡಿಯುವುದಾದರೆ ನಾವು ಅದನ್ನು ವಿರೋಧಿಸುವವರಲ್ಲ. ಹೆಡ್‌ಮಾಸ್ತರರ ಕಿಸೆ ಉಳಿಯುವುದಾದರೆ ಒಳ್ಳೆಯದೇ. ಆದರೆ ಕಾರ್ಡು ಹಂಚುವ ಮೊದಲು ಕೊಂಡವನೊಬ್ಬ, ಸಾಮಾನನ್ನು ನೋಡಿ ಒಪ್ಪಿದವನು ಇನ್ನೊಬ್ಬನೆಂಬ ನಿಯಮ ಆಗಬೇಕು. ಒಬ್ಬ ಒಪ್ಪುವ ಅಧಿಕಾರಿಗೆ ಹತ್ತಿಪ್ಪತ್ತಕ್ಕಿಂತ ಹೆಚ್ಚು ಕಾರ್ಡುಗಳನ್ನು ವಹಿಸಕೂಡದು. ಪ್ರಯಾಣದ ಬಿಲ್ಲು ನೌಕರನ ಹೆಸರಿಗೆ ಹೋಗದೆ ಕಚೇರಿಯ ಹೆಸರಿಗೇ ಹೋಗಬೇಕು. ಮಂತ್ರಿಯಿಂದ ಹಿಡಿದು ಜವಾನನವರೆಗಿನ ಕಾರ್ಡುಗಳ ಖರ್ಚು ಪ್ರತಿ ತಿಂಗಳೂ ಕನ್ನಡದಲ್ಲಿ, ಗ್ರಾಮಪಂಚಾಯತಿಯ ಗೋಡೆಯ ಮೇಲೆ ಹಚ್ಚಬಹುದಾದ ರೂಪದಲ್ಲಿ, ಪ್ರಕಟವಾಗಬೇಕು. ಸರಕಾರದ ಕಾಗದವನ್ನು ನೋಡುವ ಹಕ್ಕಿಗಾಗಿ ನಮ್ಮ ರಾಜ್ಯವು ದೇಶದ ಕಾಯಿದೆಗೆ ಐದು ವರ್ಷ ಮೊದಲೇ, ೨೦೦೦ದಲ್ಲಿ, ತನ್ನದೇ ಕಾಯಿದೆ ಮಾಡಿಕೊಂಡಿತ್ತು. ಅಂಥ ರಾಜ್ಯಕ್ಕೆ ಇದು ಹೊಸ ಮಾತಾಗಬೇಕಾಗಿಲ್ಲ.

ಅಮೇರಿಕೆಯ ಕಥೆಯಲ್ಲಿ ಹೇಳದೆ ಉಳಿದದ್ದು ಒಂದು ಸಂಗತಿ. ೧೯೯೪ರಲ್ಲಿ ೨,೫೦೦ ಡಾಲರಾಗಿದ್ದ ಅಲ್ಪಖರೀದಿಯ ಮಿತಿಯು ಕ್ರಮೇಣ ೩,೦೦೦ವಾಗಿ, ೩,೫೦೦ವಾಗಿ, ೨೦೧೮ರ ಸುಮಾರಿಗೆ ೧೦,೦೦೦ವಾಯಿತು. ಬೆಲೆಗಳ ಏರಿಕೆಗೆ ಹೊಂದಿಸುವ ನಿಯಮದಂತೆ ೨೦೨೫ರ ಅಕ್ಟೋಬರ ೧ರಿಂದ ಅದನ್ನು ೧೫,೦೦೦ ಡಾಲರುಗಳಿಗೆ ಏರಿಸಲಾಗಿದೆ. ಅಂದರೆ ಫೆಬ್ರುವರಿಯಲ್ಲಿ ಒಂದು ಡಾಲರಿಗೆ ನಂಬಿಕೆಗೆ ಅನರ್ಹನಾದ ನೌಕರನು ಅದೇ ವರ್ಷದ ಅಕ್ಟೋಬರಿನಲ್ಲಿ ದರಪಟ್ಟಿ ಕೇಳದೆ ಹದಿನೈದು ಸಾವಿರದವರೆಗೆ ಕೊಳ್ಳಬಲ್ಲವನಾದನು. ಆ ಸಾಮಾನು ಬಂದು ಮುಟ್ಟಿತೇ ಎಂದು ಪೆಟ್ಟಿಗೆಯನ್ನು ತೆರೆದು ನೋಡುವವರ ಸಂಖ್ಯೆ ಈ ಎಂಟು ತಿಂಗಳುಗಳಲ್ಲಿ ಎಷ್ಟು ಹೆಚ್ಚಿತೆಂಬುದನ್ನು ಆ ದೇಶದ ಪ್ರಜೆಗಳು ತಮ್ಮ ಸರಕಾರವನ್ನು ಕೇಳಬೇಕು.